ಜಮೈಕಾದ ‘ಆರ್’ ಲೇಬಲ್: ಓದುಗರ ಪ್ರಶ್ನೆಗಳು

ಪ್ರಶ್ನೆ: ಜಮೈಕಾದಿಂದ ಲಂಡನ್ನಿಗೆ ಹೋದ 1930ರ ದಶಕದ ರಿಜಿಸ್ಟರ್ಡ್ ಲಕೋಟೆಯೊಂದು ಹರಾಜಿಗಿದೆ. ಅಂಚೆ ಕಚೇರಿ ಹಚ್ಚುವ ರಿಜಿಸ್ಟ್ರೇಷನ್ ಲೇಬಲ್ಲಿನಲ್ಲಿ ‘ಆರ್’ (ರಿಜಿಸ್ಟರ್ಡ್) ಮತ್ತು ಜಮೈಕಾ ಎಂದಷ್ಟೇ ಅಚ್ಚಾಗಿದೆ. ಊರಿನ ಹೆಸರು ರಬ್ಬರ್ ಸ್ಟಾಂಪಿನದು. ಲೇಬಲ್ ಮೇಲೆ ಠಸ್ಸೆಯೂ ಬಿದ್ದಿಲ್ಲ. ಆಮೇಲೆ ಯಾರೋ ಅಂಟಿಸಿದ್ದೇ? (ಧಾರವಾಡದ ಓದುಗರು)

ಉತ್ತರ: ಅಷ್ಟಕ್ಕೇ ಅನುಮಾನ ಪಡಬೇಕಿಲ್ಲ. ರಿಜಿಸ್ಟರ್ ಕಾಗದ ಅಪರೂಪವಾದ ಸಣ್ಣ ಕಚೇರಿಗೆ ಹೆಸರು ಸಮೇತ ಲೇಬಲ್ ಅಚ್ಚು ಹಾಕಿಸುವುದು ದುಂದು. ಜಾಗ ಖಾಲಿ ಬಿಟ್ಟ ಲೇಬಲ್ ಕೊಟ್ಟರೆ ಹೆಸರನ್ನು ಅಲ್ಲಿಯವರೇ ಒತ್ತುತ್ತಿದ್ದರು, ಇಲ್ಲವೇ ಕೈಯಲ್ಲಿ ಬರೆಯುತ್ತಿದ್ದರು. ಠಸ್ಸೆ ಹೊಡೆಯುವುದು ಅಂಚೆಚೀಟಿಗೆ. ಲೇಬಲ್ಲಿಗೂ ತಗುಲಿದರೆ ಅದು ಆಕಸ್ಮಿಕ.

ಮೊದಲು ಲಕೋಟೆ ತಿರುಗಿಸಿ. ಹೊರಟ ಊರು, ಜಮೈಕಾದ ರಾಜಧಾನಿ ಕಿಂಗ್‌ಸ್ಟನ್, ಲಂಡನ್: ತಾರೀಖುಗಳು ಈ ಕ್ರಮದಲ್ಲಿ ಮುಂದೆ ಸಾಗಬೇಕು. ಲೇಬಲ್ಲಿನ ಊರೇ ಅಂಚೆಚೀಟಿಯ ಠಸ್ಸೆಯಲ್ಲೂ ಇರಬೇಕು. ಆಮೇಲೆ ರಿಜಿಸ್ಟರ್ಡ್ ಟಪಾಲಿನ ಗುರುತಾದ ನೀಲಿ ಗೆರೆಗಳನ್ನು ನೋಡಿ. ಅಂಚೆ ಕಚೇರಿಯಲ್ಲೇ ಮಾರುತ್ತಿದ್ದ ರಿಜಿಸ್ಟರ್ಡ್ ಲಕೋಟೆಯಲ್ಲಿ ಅವು ಮೊದಲೇ ಅಚ್ಚಾದವು, ಹಾಗಾಗಿ ಲೇಬಲ್ಲಿನ ಅಡಿಗೆ ಹೋಗುತ್ತವೆ. ಸಾದಾ ಲಕೋಟೆಯಾದರೆ ಗುಮಾಸ್ತ ಬಣ್ಣದ ಪೆನ್ಸಿಲ್ಲಿನಲ್ಲಿ ಎಳೆದದ್ದು. ಗೆರೆ ಲೇಬಲ್ಲಿನ ಮೇಲೆ ಹತ್ತಿ ಇಳಿದಿದ್ದರೆ ಒಳ್ಳೆಯ ಸಾಕ್ಷಿ. ದೀಪವನ್ನು ಓರೆಯಾಗಿಟ್ಟು 10 ಪಟ್ಟಿನ ಭೂತಗನ್ನಡಿಯಲ್ಲಿ ಅಂಚನ್ನೇ ನೋಡಿ: ಕಾಗದದ ದಪ್ಪಕ್ಕೆ ಪೆನ್ಸಿಲ್ ಜಿಗಿದು ಕೂದಲೆಳೆಯಷ್ಟು ಜಾಗ ಬಿಟ್ಟಿರುತ್ತದೆ. ಗೆರೆ ಅಂಚಿನವರೆಗೆ ಬಂದು ಕಡಿದುಹೋದರೆ ಅಷ್ಟಕ್ಕೇ ನಕಲಿ ಎಂದು ತೀರ್ಪು ಕೊಡಬೇಡಿ, ಗುಮಾಸ್ತನೇ ಗೆರೆ ಎಳೆದ ಮೇಲೆ ಲೇಬಲ್ ಹಚ್ಚಿರಬಹುದು.

ಲೇಬಲ್ಲಿನ ನಂಬರ್ ಚಿಕ್ಕದೆಂದು ಹೆಚ್ಚು ದುಡ್ಡು ಸುರಿಯಬೇಡಿ. ಸರಣಿ ಮುಗಿದರೆ ಮತ್ತೆ 1ರಿಂದಲೇ ಶುರು.

ಪ್ರಶ್ನೆ: 1890ರ ದಶಕದಲ್ಲಿ ಜಮೈಕಾದಿಂದ ಅಮೆರಿಕಕ್ಕೆ ಹೋದ ಲಕೋಟೆಯ ಮೇಲೆ ನ್ಯೂಯಾರ್ಕ್ ಹೆಸರಿನ ಲೇಬಲ್ ಏಕೆ?

ಉತ್ತರ: ಅದು ಬ್ರಿಟಿಷ್ ವಸಾಹತಾಗಿದ್ದ ಜಮೈಕಾದ್ದಲ್ಲ, ಅಮೆರಿಕದ್ದು. 1883ರಿಂದ 1911ರವರೆಗೆ ಅಲ್ಲಿನ ವಿನಿಮಯ ಕಚೇರಿಗಳು (ಬೇರೆ ದೇಶಗಳೊಡನೆ ಟಪಾಲು ಕೊಟ್ಟು ತೆಗೆದುಕೊಳ್ಳುವ ಅಂಚೆ ಕಚೇರಿಗಳು) ವಿದೇಶಿ ರಿಜಿಸ್ಟರ್ಡ್ ಟಪಾಲಿಗೆ ತಮ್ಮದೇ ಲೇಬಲ್ ಹಚ್ಚಿ ಬೇರೆ ನಂಬರ್ ಹಾಕುತ್ತಿದ್ದವು. ಬ್ರಿಟನ್ನೇ ಇಂಥ ಲೇಬಲ್ ಶುರು ಮಾಡಿದ್ದು 1907ರಲ್ಲಿ.

ಪ್ರಶ್ನೆ: ಲೇಬಲ್ ನೆನೆಸಿ ಬಿಡಿಸಬಹುದೇ?

ಉತ್ತರ: ಖಂಡಿತ ಬೇಡ. ಕೈಬರಹದ ನಂಬರ್ ಎಷ್ಟೋ ಸಲ ಕಾಪಿಯಿಂಗ್ ಪೆನ್ಸಿಲ್ಲಿನದು. ಅದರಲ್ಲಿರುವ ಅನಿಲಿನ್ ಬಣ್ಣಕ್ಕೆ ನೀರು ಸೋಕಿದ ಕೂಡಲೇ ನೇರಳೆಯಾಗಿ ಹರಡುತ್ತದೆ. ಮತ್ತೆ ಸರಿ ಮಾಡಲಾಗದು. ಬಿಡಿಸಿದ ಲೇಬಲ್ಲಿಗೆ ತಾರೀಖೂ ಇಲ್ಲ, ದಾರಿಯೂ ಇಲ್ಲ. ಇಡೀ ಲಕೋಟೆಯನ್ನು ಪಾಲಿಯೆಸ್ಟರ್ ಹಾಳೆಯಲ್ಲಿ ನೇರವಾಗಿ ನಿಲ್ಲಿಸಿಡಿ. ಪಿವಿಸಿ ಬೇಡ, ಅದು ಕ್ರಮೇಣ ಜಿಗುಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಪೆಟ್ಟಿಗೆಗೆ ಸಿಲಿಕಾ ಜೆಲ್ ಹಾಕಿ. ತೇವಕ್ಕೆ ಗೋಂದು ಕಂದಿ ಲೇಬಲ್ಲಿನ ಮುಖಕ್ಕೂ ಕಲೆ ಬರುತ್ತದೆ.