ಬೇಲಿಯ ಈಚೆಯ ಕೋಳಿ, ಆಚೆಯ ನಾಯಿ

ಮಾನ್ಯರೇ,

ಹಿತ್ತಲಲ್ಲಿ ಸಾಕಿದ್ದ ಆರು ಹೇಂಟೆಗಳಲ್ಲಿ ಎರಡನ್ನು ಪಕ್ಕದ ಮನೆಯ ನಾಯಿ ಬೇಲಿಯಡಿ ನೆಲ ಕೆರೆದು ನುಗ್ಗಿ ಕೊಂದಿತೆಂದೂ, ಮೈಮೇಲೆ ಒಂದು ಹನಿ ರಕ್ತವೂ ಕಾಣದಿದ್ದ ಮೂರನೆಯದು ಮೂರು ದಿನ ಮಂಕಾಗಿ ಕುಳಿತು ಸತ್ತಿತೆಂದೂ ಬರೆದಿದ್ದೀರಿ. ಕೇಳಲು ಹೋದಾಗ ನೆರೆಯವರು ‘ನಮ್ಮ ನಾಯಿ ಮಕ್ಕಳ ಜೊತೆ ಆಡುವಂಥದ್ದು, ಅದು ಹಾಗೆಲ್ಲ ಮಾಡುವುದಿಲ್ಲ’ ಎಂದರಂತೆ. ಮಾತಿಗೆ ಮಾತು ಬೆಳೆದು, ನಿಮ್ಮ ಕೋಳಿಗಳು ಅವರ ಹೂವಿನ ಪಾತಿ ಕೆದರುವುದು, ಗೂಡಿನ ವಾಸನೆ, ನಸುಕಿನಲ್ಲಿ ಹುಂಜದ ಕೂಗು ಎಲ್ಲವೂ ಹೊರಬಂದವಂತೆ. ತಪ್ಪು ಯಾರದು, ಕೋಳಿ ಸಾಕುವುದನ್ನೇ ಬಿಟ್ಟುಬಿಡಬೇಕೇ ಎಂಬುದು ನಿಮ್ಮ ಪ್ರಶ್ನೆ.

ಬಿಡಬೇಡಿ. ನಾಯಿಯನ್ನು ಹದ್ದುಬಸ್ತಿನಲ್ಲಿಡದೆ ಬಿಟ್ಟ ತಪ್ಪು ಖಂಡಿತವಾಗಿ ಅದರ ಯಜಮಾನರದು. ಆದರೆ ತಪ್ಪು ಅವರದೆಂದು ತೀರ್ಮಾನವಾದ ಮಾತ್ರಕ್ಕೆ ಉಳಿದ ಮೂರು ಹೇಂಟೆಗಳಿಗೆ ರಕ್ಷಣೆ ಸಿಗುವುದಿಲ್ಲ. ಆ ಹೊಣೆ ಕೋಳಿ ಸಾಕಿದವರದು, ಅಂದರೆ ನಿಮ್ಮದು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಮುಂದಿನ ದಾರಿ ಕಾಣುತ್ತದೆ.

ನೆರೆಯವರು ಸುಳ್ಳು ಹೇಳಿದರೆಂದು ನನಗನ್ನಿಸುವುದಿಲ್ಲ. ಮಕ್ಕಳ ಜೊತೆ ಸೌಮ್ಯವಾಗಿರುವ ನಾಯಿಯೇ ಕೋಳಿಯನ್ನು ಕಂಡೊಡನೆ ಬೇರೆಯೇ ಪ್ರಾಣಿಯಾಗಬಲ್ಲದು, ಏಕೆಂದರೆ ಬೇಟೆಯ ಸ್ವಭಾವಕ್ಕೂ ಕೋಪಕ್ಕೂ ಸಂಬಂಧವಿಲ್ಲ. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚಿ ಹಿಡಿಯುವುದು ಒಂದರ ಹಿಂದೊಂದು ತಾನಾಗಿ ಬರುವ ಕ್ರಿಯೆಗಳು, ಮತ್ತು ರೆಕ್ಕೆ ಬಡಿದು ಕಿರುಚಿ ಓಡುವ ಕೋಳಿ ಅವುಗಳನ್ನು ಇನ್ನಷ್ಟು ಕೆರಳಿಸುತ್ತದೆ. ಹಸಿವಿಲ್ಲದ ನಾಯಿಯೂ ಒಂದರ ಮೇಲೊಂದು ಕೋಳಿ ಕೊಂದು, ಯಾವುದನ್ನೂ ತಿನ್ನದೆ ಹೋಗುವುದು ಇದರಿಂದಲೇ. ಆದ್ದರಿಂದ ಗೂಡು ಕಟ್ಟುವಾಗ ಈ ಒಂದು ನಾಯಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳದೆ, ನಾಳೆ ಬೀದಿಯಿಂದಲೋ ನೆಂಟರ ಜೊತೆಯಲ್ಲೋ ಬರಬಹುದಾದ, ನೀವಿನ್ನೂ ನೋಡಿರದ ನಾಯಿಯನ್ನೂ ಎಣಿಸಿಕೊಳ್ಳಬೇಕು.

ಬೇಲಿಯ ವಿಷಯವನ್ನು ನಾನು ನಷ್ಟಪಟ್ಟೇ ಕಲಿತೆ. ಮೊದಲ ಗೂಡಿಗೆ ಜೇನುಹುಟ್ಟಿನಂಥ ಆರು ಮೂಲೆಯ ಕಣ್ಣುಗಳಿರುವ ತೆಳು ತಂತಿಬಲೆಯನ್ನು ಹೊಡೆಸಿದ್ದೆ. ಅದನ್ನು ಕೋಳಿಬಲೆ ಎಂದೇ ಮಾರುತ್ತಾರೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನೆಲದಿಂದ ಗೇಣೆತ್ತರದಲ್ಲಿ ತಲೆ ತೂರುವಷ್ಟು ತೂತು, ಒಳಕ್ಕೆ ಬಾಗಿದ ತಂತಿಯ ತುದಿಗಳಲ್ಲಿ ಸಿಕ್ಕಿಕೊಂಡ ಕೆಂಚು ಪುಕ್ಕ, ಮರದಿಂದ ಕಿತ್ತುಬಂದು ಮಣ್ಣಿನಲ್ಲಿ ಬಿದ್ದಿದ್ದ ಎರಡು ಮೊಳೆ. ಆ ಬಲೆ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಕಣ್ಣುಗಳು ಅರ್ಧ ಇಂಚಿಗಿಂತ ದೊಡ್ಡದಾಗಿರದ, ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನೇ ತನ್ನಿ. ಅದನ್ನು ಮೊಳೆಯಿಂದ ಹೊಡೆಯದೆ, ಅಗಲವಾದ ವಾಷರ್ ಇಟ್ಟು ಸ್ಕ್ರೂ ಬಿಗಿದು ಕೂರಿಸಿ. ನೆಲದಡಿಯಿಂದ ಬರುವ ನಾಯಿಗೆ ಆಳದ ಅಗಳು ತೋಡಬೇಕಾಗಿಲ್ಲ. ಜಾಲರಿಯ ಬುಡವನ್ನು ಹೊರಮುಖವಾಗಿ ಮಡಚಿ, ಒಂದೂವರೆ ಅಡಿ ಅಗಲದ ಅಂಚಾಗಿ ನೆಲಕ್ಕೆ ಹಾಸಿ, ಮೇಲೆ ಮಣ್ಣು ಮತ್ತು ಕಲ್ಲು ಹೇರಿದರೆ ಸಾಕು. ನಾಯಿ ಬೇಲಿಯ ಬುಡದಲ್ಲೇ ಕೆರೆಯುತ್ತದೆ; ಅಲ್ಲಿ ಉಗುರಿಗೆ ತಂತಿ ತಗಲಿದಾಗ ಒಂದೂವರೆ ಅಡಿ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಬೇಲಿ ಆರಡಿ ಎತ್ತರವಿರಲಿ. ರಾತ್ರಿಯ ಗೂಡಿಗಂತೂ ಸೂರು ಬೇಕೇ ಬೇಕು, ಚಿಲಕಕ್ಕೆ ಮೂತಿಯಿಂದ ಎತ್ತಲಾಗದಂಥ ಕೊಂಡಿಯೂ ಬೇಕು. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಸರಿಯಾಗಿ ಕಾಣದು, ಕುಳಿತ ಕಡೆಯಿಂದ ಅದು ಕದಲುವುದಿಲ್ಲ. ಸಂಜೆ ಬಾಗಿಲು ಹಾಕುವ ಕೆಲಸವನ್ನು ಒಂದು ದಿನವೂ ಮರೆಯುವಂತಿಲ್ಲ.

ಇನ್ನೊಂದು ಅಪಾಯವನ್ನು ಅನೇಕರು ಯೋಚಿಸಿಯೇ ಇರುವುದಿಲ್ಲ. ನಾಯಿ ಒಳಗೆ ಬರದೆ ಹೊರಗಿನಿಂದಲೇ ಬೊಗಳುತ್ತ ಸುತ್ತು ಹಾಕಿದರೂ, ಹೆದರಿದ ಕೋಳಿಗಳು ಒಂದು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿ ಸಿಕ್ಕಿದವು ಉಸಿರುಗಟ್ಟಿ ಸಾಯಬಹುದು. ನೆರೆಮನೆಯ ಕಡೆಗಿರುವ ಬೇಲಿಗೆ ಎರಡಡಿ ಎತ್ತರದವರೆಗೆ ಹಲಗೆಯನ್ನೋ ತಗಡನ್ನೋ ಕಟ್ಟಿ ಒಂದಕ್ಕೊಂದು ಕಾಣದಂತೆ ಮಾಡಿದರೆ, ಕೋಳಿಗಳ ದಿಗಿಲೂ ನಾಯಿಯ ಆಸೆಯೂ ಎರಡೂ ಇಳಿಯುತ್ತವೆ.

ನಿಮ್ಮ ಮೂರನೆಯ ಹೇಂಟೆಯ ಸಾವಿನ ಬಗ್ಗೆ ಓದಿ ನನಗೆ ತುಂಬಾ ಸಂಕಟವಾಯಿತು. ಕೋಳಿಯ ಚರ್ಮ ತೀರ ತೆಳು, ಮೇಲೆ ದಟ್ಟ ಪುಕ್ಕ. ಕೋರೆಹಲ್ಲು ಇಳಿದ ತೂತು ಹೊರಗೆ ಕಾಣದಷ್ಟು ಚಿಕ್ಕದಿದ್ದರೂ ಒಳಗೆ ಮಾಂಸ ಜಜ್ಜಿಹೋಗಿ, ನಾಯಿಯ ಬಾಯಿಯ ರೋಗಾಣುಗಳು ಅಲ್ಲೇ ಬೆಳೆದು, ಎರಡು ಮೂರು ದಿನಗಳಲ್ಲಿ ನಂಜೇರುತ್ತದೆ. ಗಾಯವಿಲ್ಲದೆಯೂ ಆಘಾತದಿಂದಲೇ ಕೋಳಿ ಸಾಯುವುದುಂಟು. ನಾಯಿ ಬಾಯಿ ಹಾಕಿದ ಪ್ರತಿಯೊಂದು ಕೋಳಿಯನ್ನೂ ದೀಪದ ಬೆಳಕಿನಲ್ಲಿ ಹಿಡಿದುಕೊಂಡು, ಬೆನ್ನು, ರೆಕ್ಕೆಯ ಅಡಿ, ತೊಡೆ, ಬಾಲದ ಬುಡಗಳಲ್ಲಿ ಪುಕ್ಕವನ್ನು ಬೈತಲೆಯಂತೆ ಬಿಡಿಸಿ ನೋಡಬೇಕು. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿ, ಉಗುರುಬೆಚ್ಚಗಿರುವಾಗ ಆ ನೀರಿನಿಂದ ಗಾಯ ತೊಳೆಯಿರಿ. ರಕ್ತದ ಕೆಂಪು ಕಂಡರೆ ಜೊತೆಯ ಕೋಳಿಗಳೇ ಕುಕ್ಕುತ್ತವೆ. ಗಾಯಾಳುವನ್ನು ಮಬ್ಬುಗತ್ತಲಿನ, ಬೆಚ್ಚನೆಯ ಪೆಟ್ಟಿಗೆಯಲ್ಲಿ ನೀರಿಟ್ಟು ಬೇರೆಯಾಗಿಸಿ, ಅದೇ ದಿನ ಪಶುವೈದ್ಯರಿಗೆ ತೋರಿಸಿ. ಅವರು ಆ್ಯಂಟಿಬಯೋಟಿಕ್ ಕೊಟ್ಟರೆ, ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಲು ಮರೆಯಬೇಡಿ.

ಇನ್ನು ನೆರೆಯವರ ದೂರು. ನಾಯಿ ನುಗ್ಗಿದ ದಿನ ಅದು ಒಮ್ಮೆಗೇ ಹುಟ್ಟಿದ್ದಲ್ಲ, ಬಹುದಿನಗಳಿಂದ ಅವರ ಮನಸ್ಸಿನಲ್ಲಿದ್ದದ್ದು, ಮತ್ತು ಅದರಲ್ಲಿ ಸತ್ಯವೂ ಇದೆ. ಹೇಂಟೆಯೊಂದು ದಿನಕ್ಕೆ ಹೆಚ್ಚುಕಡಿಮೆ 100 ಗ್ರಾಂ ಹಿಕ್ಕೆ ಹಾಕುತ್ತದೆ. ಅದು ಒಣಗಿದ್ದರೆ ವಾಸನೆ ಕಡಿಮೆ, ಒದ್ದೆಯಾದರೆ ಅಮೋನಿಯಾ ಎದ್ದು ಬೇಲಿ ದಾಟಿ ಹೋಗುತ್ತದೆ. ನೆಲಕ್ಕೆ ಒಣ ಮರದ ಹೊಟ್ಟನ್ನು ದಪ್ಪವಾಗಿ ಹಾಸಿ, ನೀರಿನ ಪಾತ್ರೆಯ ಸುತ್ತ ನೆಂದದ್ದನ್ನು ದಿನವೂ ತೆಗೆಯಿರಿ. ಬೆಚ್ಚನೆಯ ಹವೆಯಲ್ಲಿ ಮನೆನೊಣದ ಮೊಟ್ಟೆ ನೊಣವಾಗಲು ಏಳರಿಂದ ಹತ್ತು ದಿನ ಸಾಕು, ಆದ್ದರಿಂದ ಹಿಕ್ಕೆ ವಾರದೊಳಗೆ ಗೂಡಿನಿಂದ ಹೊರಬಿದ್ದು ಮುಚ್ಚಿದ ಗೊಬ್ಬರದ ಗುಂಡಿ ಸೇರಬೇಕು. ಕಾಳು ತಗಡಿನ ಡಬ್ಬಿಯಲ್ಲಿರಲಿ, ಚೆಲ್ಲಿದ್ದನ್ನು ಸಂಜೆಗೆ ಗುಡಿಸಿಬಿಡಿ. ಇಲಿ ಬಂದರೂ ವಿಷ ಮಾತ್ರ ಇಡಬೇಡಿ. ವಿಷ ತಿಂದ ಇಲಿಯನ್ನು ತಿಂದು ಪಕ್ಕದ ಮನೆಯ ನಾಯಿ ಸತ್ತರೆ, ಅದು ಆಕಸ್ಮಿಕವೆಂದು ಈ ಜಗಳದ ನಂತರ ನಿಮ್ಮನ್ನು ನಂಬುವವರು ಯಾರು?

ಹುಂಜದ ವಿಷಯದಲ್ಲಿ ನಾನು ನೆರೆಯವರ ಪಕ್ಷ. ಮೊಟ್ಟೆಗೆ ಹುಂಜ ಬೇಡ. ಮರಿ ಮಾಡಿಸುವುದಿದ್ದರೆ ಮಾತ್ರ ಬೇಕು. ಗೂಡಿಗೆ ಕತ್ತಲು ಕವಿಸಿದರೆ ಕೂಗುವುದಿಲ್ಲವೆಂದು ಹೇಳುವವರಿದ್ದಾರೆ. ಆದರೆ ನಸುಕಿನ ಕೂಗು ಬೆಳಕಿಗಾಗಿ ಕಾಯದೆ ಹುಂಜದ ಮೈಯೊಳಗಿನ ಗಡಿಯಾರದಿಂದಲೇ ಹೊರಡುತ್ತದೆಂಬುದನ್ನು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದ್ದಾರೆ. ಮನೆಗಳು ಒತ್ತೊತ್ತಾಗಿರುವಲ್ಲಿ ಅದನ್ನು ಜಾಗವಿದ್ದವರಿಗೆ ಕೊಟ್ಟುಬಿಡುವುದು ಒಳ್ಳೆಯದು. ಪಾತಿ ಕೆದರುವುದನ್ನು ತಡೆಯಲು ಒಂದು ಬದಿಯ ರೆಕ್ಕೆಯ ಉದ್ದಗರಿಗಳನ್ನು ಕತ್ತರಿಸುವುದುಂಟು. ನೋವಾಗುವುದಿಲ್ಲ, ಗರಿ ಉದುರಿ ಹೊಸದು ಬರುವವರೆಗೆ ಕೋಳಿ ಎತ್ತರಕ್ಕೆ ಹಾರಲಾರದು. ಆದರೆ ನಾಯಿ ಬಂದಾಗಲೂ ಅದು ಹಾರಿ ತಪ್ಪಿಸಿಕೊಳ್ಳಲಾರದು. ಬೇಲಿ ಭದ್ರವಾಗುವ ಮುನ್ನ ಕತ್ತರಿ ಹಿಡಿಯಬೇಡಿ.

ಇಷ್ಟು ಮಾಡಿದ ಮೇಲೆ ಒಂದು ಸಂಜೆ ನೆರೆಯವರನ್ನು ಕರೆದು, ಸರಿಪಡಿಸಿದ್ದನ್ನು ಮೊದಲು ತೋರಿಸಿ, ನಾಯಿಯ ಮಾತನ್ನು ಆಮೇಲೆ ಎತ್ತಿ. ಅವರ ಕಡೆಯ ಬೇಲಿಯ ಸಂದು ಮುಚ್ಚುವುದು, ನಾಯಿಯನ್ನು ಹೊರಗೆ ಒಂಟಿಯಾಗಿ ಬಿಡದಿರುವುದು, ಸತ್ತ ಕೋಳಿಗಳ ಬೆಲೆ, ಈ ಮೂರನ್ನೂ ಸ್ಪಷ್ಟವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಒಪ್ಪದಿದ್ದರೆ ಸ್ಥಳೀಯ ಆಡಳಿತಕ್ಕೆ ದೂರು ಕೊಡಬಹುದು, ಆದರೆ ಅದಕ್ಕೂ ಮುಂಚೆ ನಿಮ್ಮ ಪ್ರದೇಶದಲ್ಲಿ ಮನೆಯ ಬಳಿ ಎಷ್ಟು ಕೋಳಿ ಸಾಕಬಹುದು, ಗೂಡು ಗಡಿಯಿಂದ ಎಷ್ಟು ದೂರವಿರಬೇಕು ಎಂಬ ನಿಯಮಗಳನ್ನು ತಿಳಿದುಕೊಂಡಿರಿ. ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿ ಬುದ್ಧಿ ಕಲಿಸುವ ಹಳೆಯ ಪದ್ಧತಿಯನ್ನು ಯಾರಾದರೂ ಸೂಚಿಸಿದರೆ ಬೇಡವೆನ್ನಿ, ಅದು ಹಿಂಸೆ, ಅದರಿಂದ ನಾಯಿ ಏನನ್ನೂ ಕಲಿಯುವುದಿಲ್ಲ. ಪಟ್ಟಿ ಹಾಕಿ ಹಿಡಿದುಕೊಂಡು, ಕೋಳಿಗಳನ್ನು ದೂರದಿಂದ ತೋರಿಸಿ, ಕರೆದಾಗ ಮುಖ ತಿರುಗಿಸಿದರೆ ತಿನಿಸು ಕೊಡುತ್ತ, ವಾರಗಟ್ಟಲೆ ನಿಧಾನವಾಗಿ ಹತ್ತಿರ ತರುವುದು ಸರಿಯಾದ ಕ್ರಮ. ಹಾಗೆ ಪಳಗಿದ ನಾಯಿಯನ್ನೂ ಕೋಳಿಗಳ ನಡುವೆ ಒಂಟಿಯಾಗಿ ಬಿಡಬಾರದು.

ಉಳಿದ ಮೂರು ಹೇಂಟೆಗಳು ಕೆಲವು ವಾರ ಮೊಟ್ಟೆ ಇಡದೆ ಹೋಗಬಹುದು, ಪುಕ್ಕವನ್ನೂ ಉದುರಿಸಬಹುದು. ಅದು ದಿಗಿಲಿನ ಪರಿಣಾಮ, ರೋಗವಲ್ಲ. ಜಾಗ ಬದಲಿಸದೆ, ಹೊಸ ಕೋಳಿಗಳನ್ನು ಈಗಲೇ ಸೇರಿಸದೆ, ದಿನವೂ ಅದೇ ಹೊತ್ತಿಗೆ ಅದೇ ಕೈಯಿಂದ ಕಾಳು ಹಾಕುತ್ತಿರಿ. ಅವು ಮತ್ತೆ ಗೂಡಿನ ಬಾಗಿಲು ದಾಟಿ ಬಂದು ಮಣ್ಣಿನಲ್ಲಿ ಹೊರಳಾಡತೊಡಗಿದ ದಿನ ನನಗೊಂದು ಕಾಗದ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ