ಅಯ್ಯನವರ ಮಧ್ಯಾಹ್ನದ ನಿದ್ದೆ

ಹಳ್ಳಿಯ ಕ್ರೈಸ್ತ ಸಭೆಯೊಂದರ ಪಾದ್ರಿ ಅಯ್ಯನವರು ಬರೆದಿದ್ದಾರೆ: “ಭಾನುವಾರ ಎರಡು ಆರಾಧನೆ ಮುಗಿಸಿ, ಊಟವಾದ ಮೇಲೆ ಅರ್ಧ ಗಂಟೆ ಮಲಗಿದ್ದೆ. ಹಿರಿಯರೊಬ್ಬರು ಬಂದವರು ‘ಆತ್ಮಗಳು ನಾಶವಾಗುತ್ತಿವೆ, ಅಯ್ಯನವರಿಗೆ ನಿದ್ದೆ’ ಎಂದು ಹೇಳಿ ಹೋದರು. ಅಂದಿನಿಂದ ಮಲಗಲು ಹೆದರಿಕೆ. ಸೇವಕನಿಗೆ ನಿದ್ದೆ ಎಷ್ಟು ಸಲ್ಲುತ್ತದೆ?”

ಅಯ್ಯನವರೇ, ಮೊದಲು ನಿಮ್ಮ ಮೇಲೇ ಒಂದು ದೂರು. ನಿಮ್ಮ ಇಮೇಲ್ ಬಂದದ್ದು ರಾತ್ರಿ 1.40ಕ್ಕೆ!

ಹಿರಿಯರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಯೇಸು ಬೆಟ್ಟದ ಮೇಲೆ ರಾತ್ರಿಯೆಲ್ಲ ಪ್ರಾರ್ಥಿಸಿದ್ದುಂಟು, ಗೆತ್ಸೆಮನೆ ತೋಟದಲ್ಲಿ ತೂಕಡಿಸಿದ ಶಿಷ್ಯರನ್ನು ‘ಒಂದು ಗಂಟೆಯಾದರೂ ಎಚ್ಚರವಾಗಿರಲಾರಿರಾ?’ ಎಂದು ಕೇಳಿದ್ದೂ ಉಂಟು. ಸರಿ. ಆದರೆ ಅದೇ ಯೇಸು ಬಿರುಗಾಳಿಯಲ್ಲಿ, ದೋಣಿಯೊಳಗೆ ನೀರು ನುಗ್ಗುತ್ತಿರುವಾಗ, ದಿಂಬಿಗೆ ತಲೆಯಿಟ್ಟು ಮಲಗಿದ್ದನಲ್ಲ! ಆ ದಿಂಬಿನ ಮೇಲೆ ಒಂದು ಪ್ರಸಂಗವನ್ನೂ ನಾನು ಈವರೆಗೆ ಕೇಳಿಲ್ಲ. ಪ್ರವಾದಿ ಎಲೀಯನನ್ನೇ ನೋಡಿ. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳನ್ನು ಗೆದ್ದು ಬಂದವನು, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಕುಸಿದು, ಸತ್ತರೆ ಸಾಕು ಎಂದು ಗಿಡದ ಕೆಳಗೆ ಒರಗಿದ. ದೂತನು ಬಂದು ಬುದ್ಧಿವಾದ ಹೇಳಿದನೇ? ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಪ್ರವಾದಿ ಉಂಡು ಮತ್ತೆ ಮಲಗಿದ. ಎರಡನೆಯ ಸಲ ಎಬ್ಬಿಸಿದ್ದೂ ಊಟಕ್ಕೇ.

ಇಸ್ರಾಯೇಲನ್ನು ಕಾಯುವವನಾದ ದೇವರು ತೂಕಡಿಸುವುದಿಲ್ಲ ಎಂದು ಬೈಬಲಿನ 121ನೆಯ ಕೀರ್ತನೆ ಹೇಳುತ್ತದೆ. ಆ ಕೆಲಸಕ್ಕೆ ಆಗಲೇ ಒಬ್ಬನಿದ್ದಾನೆ, ನಾವು ಅರ್ಜಿ ಹಾಕಬೇಕಾಗಿಲ್ಲ.

ಇದು ನನಗೆ ತಿಳಿದದ್ದು ತಡವಾಗಿ. ಇಪ್ಪತ್ತು ವರ್ಷದ ಹಿಂದೆ ಇಡೀ ರಾತ್ರಿಯ ಪ್ರಾರ್ಥನೆ ಮುಗಿಸಿ ಬೆಳಗಿನ ಜಾವ ಬೈಕಿನಲ್ಲಿ ಬರುತ್ತಿದ್ದೆ. ಕಣ್ಣು ಬಿಟ್ಟಾಗ ಗದ್ದೆಯ ಕೆಸರಿನಲ್ಲಿದ್ದೆ. ಮುಂದಿನ ಭಾನುವಾರ ‘ದೇವರು ಕಾಪಾಡಿದ’ ಎಂದು ಸಾಕ್ಷಿ ಹೇಳಿದೆ. ನಿದ್ದೆಗೆಟ್ಟು ಗಾಡಿ ಹತ್ತಿದ್ದು ನಾನೇ ಎಂಬುದನ್ನು ಹೇಳಲಿಲ್ಲ. ಆಮೇಲೆ ಓದಿದೆ: 17 ಗಂಟೆ ಎಚ್ಚರವಿದ್ದವನ ಕೈಕಾಲಿನ ಚುರುಕು ರಕ್ತದಲ್ಲಿ ಶೇ. 0.05 ಮದ್ಯವಿರುವವನಷ್ಟೇ ಆಗಿರುತ್ತದಂತೆ. ನಮ್ಮ ಕಾನೂನು ಗಾಡಿ ಓಡಿಸುವವನಿಗೆ ಬಿಟ್ಟಿರುವ ಮಿತಿ ಶೇ. 0.03. ಹನಿ ಮುಟ್ಟದ ನಾನು ಅಂದು ಕುಡಿದವನ ಹಾಗೆ ಬೈಕ್ ಓಡಿಸಿದ್ದೆ.

ನಿಮ್ಮ ಹಿರಿಯರು ಮೆಥೋಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರ ಹೆಸರೂ ಎತ್ತಿದರಂತೆ, ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದರು ಎಂದು. ಹೌದು, ಏಳುತ್ತಿದ್ದರು. ರಾತ್ರಿ ಹತ್ತರೊಳಗೆ ಮಲಗುತ್ತಲೂ ಇದ್ದರು! ನಿದ್ದೆ ಕದಿಯುವುದನ್ನು ಅವರು ಹೊಗಳಲಿಲ್ಲ. ತಮಗೆ ಆರೂವರೆ ಗಂಟೆ ಬೇಕೆಂದು ಲೆಕ್ಕ ಹಾಕಿಟ್ಟುಕೊಂಡಿದ್ದರು. ಇಂದಿನ ವೈದ್ಯರು ಏಳಕ್ಕೆ ಕಡಿಮೆ ಬೇಡ ಎನ್ನುತ್ತಾರೆ, ಅದು ಬೇರೆ.

ಈಗ ನಮ್ಮ ಸಭೆಗಳ ಗತಿ ನೋಡಿ. ಆರಕ್ಕೆ ಎಂದು ಸಾರಿದ ಕೂಟ ಎಂಟಕ್ಕೆ ಶುರು. ಹೊರಗಿನಿಂದ ಬಂದ ಪ್ರಸಂಗಿ ಹನ್ನೊಂದಕ್ಕೆ ‘ಕೊನೆಯ ಮಾತು’ ಎನ್ನುತ್ತಾರೆ, ಅದು ಕೊನೆಯದಲ್ಲ. ತ್ರೋವ ಪಟ್ಟಣದಲ್ಲಿ ಅಪೊಸ್ತಲ ಪೌಲನೇ ನಡುರಾತ್ರಿಯವರೆಗೆ ಮಾತಾಡಿದಾಗ ಯೂತಿಕನೆಂಬ ಹುಡುಗ ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ. ಅಲ್ಲಿ ಬದುಕಿಸಲು ಪೌಲನಿದ್ದ. ನಮ್ಮಲ್ಲಿ ಯಾರಿದ್ದಾರೆ? ಮನೆಗೆ ಬಂದು ಮಲಗಿದರೆ ವಾಟ್ಸಾಪ್ ಗುಂಪಿನಲ್ಲಿ ‘ಅಯ್ಯನವರೇ, ತುರ್ತು ಪ್ರಾರ್ಥನೆ’ ಎಂದು ಹನ್ನೆರಡಕ್ಕೆ ಸದ್ದು. ತುರ್ತು ಏನೆಂದರೆ ಮಗನ ಪರೀಕ್ಷೆ, ಮುಂದಿನ ತಿಂಗಳು.

ಇನ್ನೊಂದು. ವೆಸ್ಲಿಯವರ ಲೆಕ್ಕದಲ್ಲಿ ಆರೋಗ್ಯವಂತ ಗಂಡಸಿಗೆ ಆರು ಗಂಟೆಗೆ ತುಸು ಮೇಲೆ, ಹೆಂಗಸಿಗೆ ಏಳಕ್ಕೆ ತುಸು ಮೇಲೆ. ಕೂಟ ಮುಗಿದ ಮೇಲೆ ಪ್ರಸಂಗಿಗೆ ಬಡಿಸಿ, ಪಾತ್ರೆ ತೊಳೆದು, ಐದಕ್ಕೆ ಎದ್ದು ಮಕ್ಕಳ ಡಬ್ಬಿ ಕಟ್ಟುವ ನಿಮ್ಮ ಮನೆಯ ಅಮ್ಮನವರು ಎಷ್ಟು ಹೊತ್ತು ಮಲಗುತ್ತಾರೆ? ಪತ್ರದಲ್ಲಿ ನೀವು ಅದನ್ನು ಬರೆದೇ ಇಲ್ಲ. ಅವರನ್ನು ಕೇಳಿ, ಇನ್ನೊಂದು ಪತ್ರ ಹಾಕಿ. ಹಗಲು ಹೊತ್ತಿನಲ್ಲಿ.

— ಸಂ.