ಆತಂಕದ ಕಾಯಿಲೆ ಮಿದುಳಿಗೆ ಏನು ಮಾಡುತ್ತದೆ? ಜೀವನಕ್ರಮ ಬದಲಿಸಿದರೆ ಗುಣವಾದೀತೇ?

ಆತಂಕದ ಕಾಯಿಲೆಯಿಂದ ಮಿದುಳು ಕೆಡುತ್ತದೆಯೇ, ಜೀವನಕ್ರಮ ತಿದ್ದಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಅಡಿಕೆ ಕೃಷಿಕ, ಏಳು ವರ್ಷಗಳಿಂದ ಈ ಕಾಯಿಲೆಯೊಂದಿಗೆ ಬದುಕುತ್ತಿರುವವನು.

ಮಿದುಳಿನ ಒಳಗೆ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯದ ಸುಳಿವು ಹಿಡಿಯುವುದು ಅದರ ಮುಖ್ಯ ಕೆಲಸ. ತೋಟದಲ್ಲಿ ಕಾಲಿಗೆ ಏನೋ ತಗಲಿದಾಗ ಅದು ಬೆಚ್ಚಿಬೀಳಿಸುತ್ತದೆ; ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ 'ಹಾವಲ್ಲ, ನೀರಿನ ಪೈಪು' ಎಂದು ಸಮಾಧಾನಪಡಿಸುತ್ತದೆ. ಆತಂಕದ ಕಾಯಿಲೆಯಲ್ಲಿ ಮೊದಲನೆಯದು ಅತಿ ಚುರುಕಾಗಿ, ಎರಡನೆಯದರ ಹಿಡಿತ ಸಡಿಲವಾಗುವುದರಿಂದ, ಅಪಾಯವಿಲ್ಲದಾಗಲೂ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನುಗಳು ಮೈಯಲ್ಲಿ ಹರಿಯತೊಡಗುತ್ತವೆ. ಇದು ಮಿದುಳು ಕೆಟ್ಟುಹೋಗುವುದಲ್ಲ, ತಪ್ಪು ಪಾಠವೊಂದನ್ನು ಕಲಿತುಬಿಡುವುದು.

ಮಂಗಳೂರಿನ ಬಸ್ಸು ರಾಜ್ಯದ ಗಡಿಯ ತಲಪಾಡಿಗೆ ಬರುತ್ತಿದ್ದಾಗ ಒಮ್ಮೆ ನನ್ನ ಎದೆ ಡವಗುಟ್ಟಿ, ಬೆರಳ ತುದಿಗಳು ಜುಮ್ಮೆಂದು ಮರಗಟ್ಟಿದವು. ಹೃದಯಾಘಾತವೆಂದೇ ಆಸ್ಪತ್ರೆಗೆ ಓಡಿದೆ, ಇಸಿಜಿ ಸರಿಯಾಗಿತ್ತು. ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕುಸಿದು ಬೆರಳು ಹಾಗಾಗುತ್ತದೆಂದು ಆಮೇಲೆ ತಿಳಿಯಿತು. ಆದರೆ ನಾನು ಬಸ್ಸು ಹತ್ತುವುದನ್ನೇ ಬಿಟ್ಟೆ, ಅದೇ ದೊಡ್ಡ ತಪ್ಪಾಯಿತು. ಪ್ರತಿ ಸಲ ತಪ್ಪಿಸಿಕೊಂಡಾಗಲೂ 'ಹೋಗದಿದ್ದುದರಿಂದಲೇ ಉಳಿದೆ' ಎಂದು ಮಿದುಳು ಆ ಪಾಠವನ್ನೇ ಗಟ್ಟಿಮಾಡಿಕೊಳ್ಳುತ್ತದೆ. ಜೀವನಕ್ರಮವೆಂದರೆ ಯೋಗ, ಊಟ, ನಿದ್ದೆ ಎಂದಷ್ಟೇ ಹೇಳುವವರು ಈ ತಪ್ಪಿಸಿಕೊಳ್ಳುವ ಅಭ್ಯಾಸವನ್ನು ಮರೆಯುತ್ತಾರೆ. ಆಪ್ತ ಸಮಾಲೋಚಕರು ನನ್ನನ್ನು ಮೊದಲು ಕುಂಬಳೆಯಿಂದ ಉಪ್ಪಳದವರೆಗೆ ಮಾತ್ರ, ಅನಂತರ ಹೊಸಂಗಡಿಯವರೆಗೆ, ಕೊನೆಗೆ ತಲಪಾಡಿ ದಾಟಿಸಿ ಕಳುಹಿಸಿದರು. ಭಯ ಏರಿ ತಾನಾಗಿ ಇಳಿಯುವವರೆಗೆ ಬಸ್ಸಿನಲ್ಲೇ ಕುಳಿತಿರಬೇಕಿತ್ತು.

ಉಳಿದವೂ ಮುಖ್ಯವೇ. ನಿದ್ದೆಗೆಟ್ಟಾಗ ಅಮಿಗ್ಡಲಾ ಇನ್ನಷ್ಟು ಕೆರಳುತ್ತದೆ. ಕಾಫಿ, ಚಹಾದಲ್ಲಿರುವ ಕೆಫೀನ್‌ನ ಅರ್ಧ ಭಾಗ ಸುಮಾರು ಐದು ಗಂಟೆಗಳ ಅನಂತರವೂ ರಕ್ತದಲ್ಲಿರುತ್ತದೆ. ಅಡಿಕೆ ಬೆಳೆಯುವವನಾಗಿ ಹೇಳಲು ಕಷ್ಟವಾದರೂ, ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಮತ್ತು ಹೊಗೆಸೊಪ್ಪಿನ ನಿಕೋಟಿನ್ ಎದೆಬಡಿತ ಹೆಚ್ಚಿಸುತ್ತವೆ. ಆತಂಕವಿರುವವರಿಗೆ ಆ ಬಡಿತವೇ ಹೊಸ ಭಯವಾಗುತ್ತದೆ. ಮದ್ಯ ರಾತ್ರಿ ಶಮನಗೊಳಿಸಿದಂತೆ ತೋರಿ, ಬೆಳಗ್ಗೆ ಆತಂಕವನ್ನು ಹೆಚ್ಚಿಸುತ್ತದೆ. ದಿನವೂ ಚುರುಕಾಗಿ ನಡೆಯುವುದು ನನಗೆ ನೆರವಾಗಿದೆ.

ಆದರೂ ದಿನಚರಿಯೊಂದೇ ಎಲ್ಲರಿಗೂ ಸಾಲದು. ವೈದ್ಯರು ಕೊಡುವ ಹಲವು ಮಾತ್ರೆಗಳ ಗುಣ ಕಾಣಲು ಕೆಲವು ವಾರಗಳು ಬೇಕು. ನಡುವೆ ತಾವಾಗಿ ನಿಲ್ಲಿಸಬೇಡಿ. ನಮ್ಮ ಕಡೆ ಅನೇಕರು ಮನಸ್ಸಿನ ಸಂಕಟವನ್ನು ಮಲಯಾಳದಲ್ಲಿ ಹೇಳಲಾರದೆ ಸುಮ್ಮನಾಗುತ್ತಾರೆ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಭಾಷೆ ಆರಿಸುವಾಗ ಕನ್ನಡವನ್ನು ಆರಿಸಿಕೊಳ್ಳಿ.